ಒಂಟಿ ಎಲೆ ಹಿಡಿದು ಯೋಚಿಸಿದ ಸಂಜೆ

ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ರಾತ್ರಿ ನಾನು ಹಳೆಯ ಇಸ್ಪೀಟ್ ಕಟ್ಟನ್ನು ಹುಡುಕಿ ತೆಗೆದೆ. ಅವರು ಮೂರು ವರ್ಷ ಕಲಿಸಿದ ಕಲನಶಾಸ್ತ್ರದ ಒಂದು ಸೂತ್ರವೂ ಈಗ ನೆನಪಿಲ್ಲ. ತರಗತಿ ಮುಗಿದ ಮೇಲೆ ಅದೇ ಕೊಠಡಿಯಲ್ಲಿ ಮೇಜು ಜೋಡಿಸಿ ಕಲಿಸಿದ ಬ್ರಿಜ್ ಮಾತ್ರ ಎಲೆಎಲೆಯಾಗಿ ನೆನಪಿದೆ.

ನಾಲ್ವರು, ಎರಡು ಜೋಡಿ; 52 ಎಲೆ, ತಲೆಗೆ 13. ಇಷ್ಟು ಸುತ್ತು ಗೆಲ್ಲುತ್ತೇವೆಂದು ಆಟಕ್ಕೆ ಮೊದಲು ಕೂಗುವ ಹರಾಜಿನ ಬಿಡ್‌ಗೆ ಜೊತೆಗಾರರಿಬ್ಬರು ಮೊದಲೇ ಅರ್ಥ ಕಟ್ಟಿಕೊಂಡಿರಬಹುದು. ಆದರೆ ಎದುರಾಳಿ ಕೇಳಿದರೆ ಅದನ್ನು ಬಿಚ್ಚಿ ಹೇಳಬೇಕು. ಹೇಳಬೇಕಾದವನು ಬಿಡ್ ಮಾಡಿದವನ ಜೊತೆಗಾರ, ಮಾಡಿದವನು ಸುಮ್ಮನಿರಬೇಕು. "ಎಲೆ ನಿನ್ನ ಗುಟ್ಟು, ಒಪ್ಪಂದ ನಾಲ್ವರದೂ" ಎನ್ನುತ್ತಿದ್ದರು ಮೇಷ್ಟ್ರು. 1975ರಲ್ಲಿ ಬರ್ಮುಡಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಕಥೆಯನ್ನು ಅವರು ಬಹಳ ನೊಂದುಕೊಂಡೇ ಹೇಳುತ್ತಿದ್ದರು. ಜೊತೆಗಾರರು ಒಬ್ಬರ ಮುಖ ಒಬ್ಬರು ನೋಡದಂತೆ ಮೇಜಿನ ಮೇಲೆ ಪರದೆ ಇತ್ತು. ಇಟಲಿಯ ಜೋಡಿಯೊಂದರ ಮೇಲೆ ಕಾಲಿನಿಂದ ಸಂಜ್ಞೆ ಮಾಡಿದ ಆರೋಪ ಬಂದು, ಮೇಜಿನ ಕೆಳಗೂ ತಡೆ ಇಡಬೇಕಾಯಿತು.

ಇಷ್ಟೆಲ್ಲ ಕೇಳಿಸಿಕೊಂಡಿದ್ದರೂ ಎರಡನೆಯ ವರ್ಷದ ಪಂದ್ಯದಲ್ಲಿ ನಾನೇ ಒಂದು ಮೋಸ ಮಾಡಿದೆ.

ಎದುರಾಳಿ ಮೊದಲ ವರ್ಷದ ಹುಡುಗಿ. ಆಟೀನ್ ರಾಣಿ ಯಾರ ಬಳಿ ಇದೆ ಎಂಬುದರ ಮೇಲೆ ಅವಳ ಆಟ ನಿಂತಿತ್ತು. ಅವಳು ಗುಲಾಮ ಇಳಿಸಿದಳು. ನನ್ನ ಬಳಿ ಇದ್ದುದು ಒಂದೇ ಆಟೀನ್, ಮೂರು. ಆಡಲು ಬೇರೆ ಎಲೆಯೇ ಇಲ್ಲ. ಆದರೂ ಬೆರಳನ್ನು ಒಂದು ಎಲೆಯಿಂದ ಇನ್ನೊಂದಕ್ಕೆ ಸರಿಸಿದೆ, ಹುಬ್ಬು ಗಂಟಿಕ್ಕಿದೆ, ನಿಧಾನವಾಗಿ ಮೂರನ್ನು ಇಟ್ಟೆ. ರಾಣಿ ನನ್ನಲ್ಲೇ ಇದೆಯೆಂದು ನಂಬಿ ಅವಳು ಮೇಲೆ ದೊಡ್ಡ ಎಲೆ ಹಾಕದೆ ಗುಲಾಮನನ್ನು ಹಾಗೆಯೇ ಬಿಟ್ಟಳು. ಪಕ್ಕದಿಂದ ನನ್ನ ಜೊತೆಗಾರ ರಾಣಿ ಬಡಿದ. ಮುಂದಿನ ಆಟೀನ್ ಸುತ್ತಿಗೆ ನಾನು ಕಳಾವರ್ ಎಸೆದಾಗ ಅವಳು ಒಮ್ಮೆ ನನ್ನ ಮುಖ ನೋಡಿದಳು, ಅಷ್ಟೇ.

ಪಂದ್ಯದ ತೀರ್ಪು ಕೊಡುವ ನಿರ್ದೇಶಕರಾಗಿದ್ದವರು ಮೇಷ್ಟ್ರೇ. ಆ ಟ್ರಿಕ್, ಅಂದರೆ ರಾಣಿ ಗೆದ್ದ ಆ ಸುತ್ತು, ಅವಳಿಗೆ ಸಲ್ಲುವಂತೆ ಅಂಕ ತಿದ್ದಿದರು. "ಎಲೆಯಿಂದ ಎಷ್ಟು ಬೇಕಾದರೂ ಮೋಸಗೊಳಿಸು. ರಾಜನಿದ್ದೂ ಎಕ್ಕ ಇಳಿಸು, ಅದು ಆಟ. ಮುಖದಿಂದ, ಹೊತ್ತಿನಿಂದ ಮೋಸ ಮಾಡಬೇಡ" ಎಂದರು. ದನಿ ಏರಿಸಲಿಲ್ಲ. ಒಂದು ವಾರ ನಾನು ಆ ಕೊಠಡಿಯ ಕಡೆ ಹೋಗಲಿಲ್ಲ.

ಆ ಕೊಠಡಿ ಈಗ ಪ್ರವೇಶ ಪರೀಕ್ಷೆಗಳ ತರಬೇತಿಗೆ ಹೋಗಿದೆಯೆಂದು ಕೇಳಿದೆ. ಮಕ್ಕಳು ಮೊಬೈಲ್‌ನಲ್ಲಿ ಬ್ರಿಜ್ ಆಡುತ್ತಾರೆ; ಅಲ್ಲಿ ತನ್ನ ಬಿಡ್‌ನ ಅರ್ಥವನ್ನು ತಾನೇ ಬರೆದು ಎದುರಾಳಿಗೆ ತೋರಿಸುವ ಒಳ್ಳೆಯ ಪದ್ಧತಿಯೂ ಇದೆ. ಆದರೆ ಆ ಹುಡುಗಿ ನೋಡಿದ ಹಾಗೆ ನೋಡುವವರು ಅಲ್ಲಿ ಯಾರಿದ್ದಾರೆ? ಅಂಕಪಟ್ಟಿಯಲ್ಲಿ ಜಾಗವಿಲ್ಲದ ವಿದ್ಯೆಗೆ ಇಂದಿನ ಕಾಲೇಜುಗಳು ಸಂಜೆಯ ಒಂದು ಗಂಟೆಯನ್ನೂ ಉಳಿಸಿಲ್ಲ ಎಂಬುದು ನನ್ನ ಕೊರಗು.

ವರ್ಷಗಳ ಬಳಿಕ ದೊಡ್ಡ ಪಂದ್ಯವೊಂದರ ಅಂತಿಮ ಸುತ್ತಿನಲ್ಲಿ ನನ್ನ ಜೊತೆಗಾರ ನನ್ನ ಬಿಡ್‌ಗೆ ತಪ್ಪು ಅರ್ಥ ಹೇಳಿದ. ಕಾಂಟ್ರ್ಯಾಕ್ಟ್ ನಮ್ಮದು, ಅಂದರೆ ಹರಾಜು ಗೆದ್ದವರು ನಾವು. ಹರಾಜು ಮುಗಿದಿತ್ತು, ಎದುರಾಳಿ ಮೊದಲ ಎಲೆಯನ್ನು ಮಗುಚಿ ಇಟ್ಟಾಗಿತ್ತು. ನಾನು ನಿರ್ದೇಶಕರನ್ನು ಕರೆದು ನಮ್ಮ ಒಪ್ಪಂದದ ನಿಜವಾದ ಅರ್ಥವನ್ನು ಹೇಳಿದೆ. ಅವರ ಅನುಮತಿ ಪಡೆದು ಎದುರಾಳಿ ಆ ಎಲೆಯನ್ನು ಹಿಂತೆಗೆದು ಬೇರೆಯದನ್ನು ಇಟ್ಟ. ಒಂದು ಟ್ರಿಕ್‌ನಿಂದ ಸೋತೆವು. ಆ ದಿನದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ, ಹೇಳಿಕೊಳ್ಳಲು ಸಂಕೋಚವಿಲ್ಲ.

ಅದೇ ರಾತ್ರಿ ಮೇಷ್ಟ್ರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ಬದಲಾಯಿಸಿ ಯಾವ ಎಲೆ ಇಟ್ಟ?" ಎಂದರು.

"ಕಳಾವರ್ ರಾಣಿ."

"ತಡಿ, ಪೆನ್ ತೆಗೆದುಕೊಳ್ಳುತ್ತೇನೆ. ನಾಲ್ಕೂ ಕೈ ಹೇಳು."