ಎಂಜಿಬಿ ಕೆಲಸ: ಸ್ಟೆಪ್ನಿ ರೆಡಿ, ಪಂಪ್‌ಗೆ ವೈರಿಂಗ್ ಆಯಿತು

ಈ ಸಲ ಎಂಜಿನ್ ಕಡೆ ಹೋಗಿಲ್ಲ. ಕೆಲಸವೆಲ್ಲ ಡಿಕ್ಕಿಯಲ್ಲೇ. ಬ್ರಿಟನ್ನಿನ ತೆರೆದ ಸ್ಪೋರ್ಟ್ಸ್ ಕಾರಾದ ನನ್ನ 1965ರ ಎಂಜಿಬಿ ರೋಡ್‌ಸ್ಟರ್‌ನ ಸ್ಟೆಪ್ನಿಯನ್ನು ನಂಬಿ ದೂರ ಹೊರಡುವ ಹಾಗೆ ಮಾಡಬೇಕು, ಗಾಳಿ ಪಂಪನ್ನು ಈ ಕಾರಿನ ಕರೆಂಟಿಗೆ ಹೊಂದಿಸಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಎರಡೂ ಈಗ ಒಂದು ಹಂತಕ್ಕೆ ಬಂದಿವೆ.

ಎಂಜಿಬಿಯ ಡಿಕ್ಕಿ ಚಿಕ್ಕದು. ಸ್ಟೆಪ್ನಿ ನೆಲದ ಮೇಲೆ ಮಲಗಿದರೆ ಬ್ಯಾಗ್ ಇಡಲು ಮೂಲೆ ಮಾತ್ರ ಉಳಿಯುತ್ತದೆ. ಅದಕ್ಕೇ ಕೆಲವರು ಸ್ಟೆಪ್ನಿಯನ್ನು ಮನೆಯಲ್ಲಿಟ್ಟು, ಸೀಲೆಂಟ್ (ತೂತು ಮುಚ್ಚುವ ಅಂಟು ದ್ರವ) ಡಬ್ಬಿ ಮತ್ತು ಪುಟ್ಟ ಪಂಪ್ ನಂಬಿಕೊಂಡು ಹೊರಡುತ್ತಾರೆ. ಟ್ಯೂಬ್‌ಲೆಸ್ ಟಯರ್ ಇರುವ ಕಾರಿಗೆ ಅದು ನಡೆಯಬಹುದು. ನನ್ನ ಕಾರಿನದು ಸ್ಪೋಕ್ ಚಕ್ರ, ಒಳಗೆ ಟ್ಯೂಬ್ ಇದೆ. ಟ್ಯೂಬ್‌ಗೆ ಮೊಳೆ ಹೊಕ್ಕರೆ ತೂತು ಅಷ್ಟಕ್ಕೇ ನಿಲ್ಲುವುದಿಲ್ಲ, ಎಷ್ಟೋ ಸಲ ಹರಿದೇ ಹೋಗುತ್ತದೆ. ಗಾಳಿ ಒಮ್ಮೆಗೇ ಇಳಿಯುತ್ತದೆ. ಅಂಥದ್ದಕ್ಕೆ ಸೀಲೆಂಟ್ ಹಾಕಿ ಏನು ಪ್ರಯೋಜನ? ಹಾಗಾಗಿ ನನ್ನ ತೀರ್ಮಾನ ಇಷ್ಟು: ಈ ಕಾರಿನಲ್ಲಿ ಸ್ಟೆಪ್ನಿ ಇರಲೇಬೇಕು. ಪಂಪ್ ಇರುವುದು ಸ್ಟೆಪ್ನಿಯನ್ನು ಸದಾ ಗಟ್ಟಿಯಾಗಿ ಇಡುವುದಕ್ಕೆ, ಅದರ ಬದಲಿಗೆ ಅಲ್ಲ.

ಮೊದಲು ಟಯರ್ ವಯಸ್ಸು ನೋಡಿದೆ. ಕಾರಿನ ಜೊತೆ ಬಂದ ಸ್ಟೆಪ್ನಿಯ ಕಟ್ಟು (ರಸ್ತೆಗೆ ತಾಗುವ ಮೈಯ ಗೀರುಗಳು) ಹೊಸದರ ಹಾಗೇ ಇತ್ತು. ಆದರೆ ಟಯರ್ ಪಕ್ಕದಲ್ಲಿ ಅಚ್ಚಾಗಿರುವ ಡಿಒಟಿ ಸಾಲಿನ (ತಯಾರಿಕೆಯ ವಿವರದ ಸಂಕೇತ) ಕೊನೆಯಲ್ಲಿ ಮೂರೇ ಅಂಕಿ, ಪಕ್ಕದಲ್ಲಿ ಪುಟ್ಟ ತ್ರಿಕೋನ. 2000ದಿಂದ ಈಚೆಗೆ ಅಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಮೂರಂಕಿಯ ಜೊತೆ ತ್ರಿಕೋನ ಇದ್ದರೆ 1990ರ ದಶಕದ ಟಯರ್. ಒಂದು ದಿನವೂ ರಸ್ತೆ ಕಾಣದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ದೊಡ್ಡ ಟಯರ್ ಕಂಪನಿಗಳೇ ಹತ್ತು ವರ್ಷ ದಾಟಿದ ಟಯರ್ ಬೇಡ, ಸ್ಟೆಪ್ನಿಯದ್ದೂ ಬೇಡ ಅನ್ನುತ್ತವೆ. ಕಟ್ಟು ನೋಡಿ ಮರುಳಾಗುವ ಹಾಗಿಲ್ಲ. ಹೊಸ 165ರ ರೇಡಿಯಲ್, 14 ಇಂಚಿನದು, ತರಿಸಿದೆ.

ಹಳೆಯದನ್ನು ಬಿಚ್ಚಿದ ಮೇಲೆ ರಿಮ್ ಒಳಗಡೆ ಬೆರಳಾಡಿಸಿ ನೋಡಿದೆ. ಸ್ಪೋಕ್‌ನ ತುದಿ ಎಲ್ಲಾದರೂ ನಿಪ್ಪಲ್ (ಅದನ್ನು ರಿಮ್ಮಿಗೆ ಬಿಗಿಯುವ ನಟ್ಟು) ದಾಟಿ ಹೊರಬಂದಿದ್ದರೆ ಟ್ಯೂಬ್‌ಗೆ ಅದೇ ಮೊಳೆ. ಹಾಗಿದ್ದ ಕಡೆ ಅರದಿಂದ ಉಜ್ಜಿ ಸಮ ಮಾಡಿದೆ. ಮೇಲೆ ಅಗಲವಾದ ಹೊಸ ರಬ್ಬರ್ ಪಟ್ಟಿ ಹಾಕಿದೆ. ಹೊಸ ಟಯರ್‌ನ ಒಳಗೆ ಅಂಟಿಸಿದ ಸ್ಟಿಕ್ಕರ್‌ಗಳನ್ನೂ ಕಿತ್ತು ಹಾಕಬೇಕು. ಓಡುವಾಗ ಟ್ಯೂಬ್ ಅದಕ್ಕೆ ಉಜ್ಜಿ ಉಜ್ಜಿ ತೂತಾಗುತ್ತದೆ. ಟಯರ್ ಹಾಕುವವರಲ್ಲಿ ಎಷ್ಟೋ ಮಂದಿ ಇದನ್ನು ನೋಡುವುದೇ ಇಲ್ಲ, ಕಾರಿನವರೇ ನಿಂತು ಹೇಳಬೇಕು. ಆಮೇಲೆ ಟ್ಯೂಬ್‌ಗೆ ಪೌಡರ್ ಸವರಿ, ಸ್ವಲ್ಪ ಗಾಳಿ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಿದರೆ ಮಡಿಕೆ ಇಲ್ಲದೆ ಕೂರುತ್ತದೆ.

ಚಕ್ರದ ನಡುವೆ, ಆಕ್ಸಲ್ ತುದಿಯ ಹಬ್ ಮೇಲೆ ಕೂರುವ ಹಲ್ಲುಗಳನ್ನೂ ನೋಡಿದೆ. ಸವೆದ ಹಲ್ಲು ಗರಗಸದ ಹಾಗೆ ಚೂಪಾಗುತ್ತದೆ. ನನ್ನದರಲ್ಲಿ ಇನ್ನೂ ತಲೆ ಚಪ್ಪಟೆಯಾಗಿಯೇ ಇದೆ. ಗ್ರೀಸ್ ಸವರಿ ಮುಂದೆ ಹೋದೆ.

ಗಾಳಿ ಎಷ್ಟು? ರೇಡಿಯಲ್ ಟಯರ್‌ಗೆ ಕಾರಿನ ಹ್ಯಾಂಡ್‌ಬುಕ್ ಹೇಳುವುದು ಮುಂದೆ 21, ಹಿಂದೆ 24 ಪಿಎಸ್‌ಐ. ಸ್ಟೆಪ್ನಿಯನ್ನು ನಾನು 30ಕ್ಕೆ ಇಡುತ್ತೇನೆ. ಟ್ಯೂಬ್ ಸುಮ್ನೆ ಇಟ್ಟರೂ ನಿಧಾನವಾಗಿ ಗಾಳಿ ಇಳಿಯುತ್ತದೆ. ರಸ್ತೆ ಬದಿಯಲ್ಲಿ ಗಾಳಿ ಬಿಡುವುದು ಸುಲಭ, ತುಂಬುವುದು ಕಷ್ಟ, ಅಲ್ವಾ? ಚಳಿ ಹೆಚ್ಚಾದಾಗಲೂ ನೋಡಬೇಕು. ಹತ್ತು ಡಿಗ್ರಿ ಸೆಲ್ಸಿಯಸ್ ಇಳಿದರೆ ಒಂದು ಪಿಎಸ್‌ಐಗಿಂತ ಸ್ವಲ್ಪ ಜಾಸ್ತಿಯೇ ಕಮ್ಮಿಯಾಗುತ್ತದೆ.

ಈಗ ಪಂಪಿನ ವಿಷಯ. ಈ ಕೆಲಸದಲ್ಲಿ ತಲೆ ಓಡಿಸಬೇಕಾಗಿ ಬಂದದ್ದು ಇಲ್ಲೇ.

1967ರ ಕೊನೆಯವರೆಗೆ ಬಂದ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಾರಿನ ಲೋಹದ ಮೈಗೆ ಸೇರಿರುತ್ತದೆ. ಈಗಿನ ಕಾರುಗಳಿಗೆ ಇದು ತದ್ವಿರುದ್ಧ. ಇಂಥ ಕಾರಿನಲ್ಲಿ ಸಿಗರೇಟ್ ಲೈಟರ್ ಸಾಕೆಟ್ ಹಾಕಿಸಿದ್ದರೆ ಅದರ ನಡುವಿನ ಪಿನ್ ನೆಗೆಟಿವ್, ಸುತ್ತಲಿನ ಲೋಹ ಪಾಸಿಟಿವ್. ಬರೀ ಮೋಟಾರು, ಮುಳ್ಳಿನ ಮೀಟರು ಇರುವ ಹಳೇ ಪಂಪ್ ಅದರಲ್ಲಿ ಉಲ್ಟಾ ತಿರುಗುತ್ತದೆ, ಆದರೂ ಪಿಸ್ಟನ್ ಗಾಳಿ ತಳ್ಳುತ್ತದೆ. ಡಿಜಿಟಲ್ ಮೀಟರ್ ಇರುವ, ತಾನಾಗಿ ನಿಲ್ಲುವ ಪಂಪ್ ಚುಚ್ಚಿದರೆ ಅದರ ಸರ್ಕ್ಯೂಟ್ ಸುಟ್ಟುಹೋಗಬಹುದು.

ಇನ್ನೊಂದು ತೊಡಕು ಬ್ಯಾಟರಿಯದ್ದು. ಸೀಟಿನ ಹಿಂದೆ, ನೆಲದ ಕೆಳಗೆ, 6 ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಲ್ಲಿವೆ. ಪಂಪಿನ ಎರಡೂ ಕ್ಲಿಪ್ಪನ್ನು ಒಂದೇ ಬ್ಯಾಟರಿಗೆ ಕಚ್ಚಿಸಿದರೆ ಸಿಗುವುದು 6 ವೋಲ್ಟ್ ಮಾತ್ರ. ಒಂದರ ಪಾಸಿಟಿವ್, ಇನ್ನೊಂದರ ನೆಗೆಟಿವ್ ಹಿಡಿಯಬೇಕು. ಕಾರ್ಪೆಟ್ ಎತ್ತಿ, ಮುಚ್ಚಳ ತೆಗೆದು, ಕತ್ತಲಲ್ಲಿ ಇದನ್ನೆಲ್ಲ ಯಾರು ಮಾಡುತ್ತಾರೆ?

ಅದಕ್ಕೆ ಶಾಶ್ವತವಾಗಿ ಎರಡು ವೈರ್ ಎಳೆದು ಡಿಕ್ಕಿಯಲ್ಲಿ ಸಾಕೆಟ್ ಕೂರಿಸಿದೆ. ನಡುವಿನ ಪಿನ್ನಿಗೆ ಪಾಸಿಟಿವ್, ಸುತ್ತಲಿನ ಲೋಹಕ್ಕೆ ನೆಗೆಟಿವ್. ಅಂದರೆ ಪಂಪಿಗೆ ಬೇಕಾದ ಹಾಗೆ. ಆದರೆ ಆಗ ಸಾಕೆಟ್ಟಿನ ಲೋಹ ಕಾರಿನ ಮೈಗೆ ತಾಗುವ ಹಾಗೇ ಇಲ್ಲ, ತಾಗಿದರೆ ಶಾರ್ಟ್. ಹಾಗಾಗಿ ಪೂರ್ತಿ ಪ್ಲಾಸ್ಟಿಕ್ ಕವಚದ ಸಾಕೆಟ್ ಆರಿಸಿ, ಅದನ್ನು ಮರದ ಪಟ್ಟಿಯ ಮೇಲೆ ಕೂರಿಸಿದೆ. 15 ಆಂಪಿಯರ್ ಫ್ಯೂಸನ್ನು ನೆಗೆಟಿವ್ ವೈರಿನಲ್ಲಿ, ಬ್ಯಾಟರಿಯ ಹತ್ತಿರವೇ ಹಾಕಿದೆ. ಈ ಕಾರಿನಲ್ಲಿ ಲೋಹದ ಮೈಗೆ ಸೇರದ ತಂತಿ ಅದೇ ತಾನೇ. ಡಿಕ್ಕಿಯ ಕೆಳಗೆ ಪೆಟ್ರೋಲ್ ಟ್ಯಾಂಕ್ ಇರುವುದರಿಂದ ತೂತು ಕೊರೆಯುವ ಗೋಜಿಗೇ ಹೋಗಲಿಲ್ಲ.

ಪಂಪನ್ನೂ ಮಲ್ಟಿಮೀಟರ್ ಹಿಡಿದು ಪರೀಕ್ಷಿಸಿದೆ. ಕೆಲವು ಪಂಪುಗಳ ಲೋಹದ ಮೈ ಒಳಗಡೆ ನೆಗೆಟಿವ್ ವೈರಿಗೆ ಸೇರಿರುತ್ತದೆ. ಅಂಥದ್ದನ್ನು ಓಡಿಸುವಾಗ ಈ ಕಾರಿನ ಬಂಪರ್ ಮೇಲೆ ಇಟ್ಟರೆ ಅಲ್ಲೇ ಕಿಡಿ. ನನ್ನ ಪಂಪಿನ ಮೈಗೂ ವೈರಿಗೂ ಸಂಪರ್ಕ ಇಲ್ಲ ಅಂತ ಖಾತ್ರಿಯಾಯಿತು. ಆದರೂ ರಬ್ಬರ್ ಮ್ಯಾಟ್ ಮೇಲೆಯೇ ಇಡುತ್ತೇನೆ.

ಬ್ಯಾಟರಿ ಒಳಗೇ ಇರುವ, ವೈರ್ ಬೇಡದ ಪಂಪ್ ಸಾಕಲ್ಲ ಅಂತ ಕೇಳಬಹುದು. ಒಂದು ಇಟ್ಟುಕೊಂಡಿದ್ದೇನೆ, ಗ್ಯಾರೇಜಿನಲ್ಲಿ ಗಾಳಿ ನೋಡಿಕೊಳ್ಳಲು ತುಂಬಾ ಚೆನ್ನಾಗಿದೆ. ಆದರೆ ಅದನ್ನು ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬಿಡಲು ಮನಸ್ಸಿಲ್ಲ. ಬಿಸಿಲಿಗೆ ನಿಂತ ಕಾರಿನ ಕಾವು ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ. ಚಾರ್ಜ್ ಕೂಡ ತಾನಾಗಿ ಇಳಿಯುತ್ತದೆ. ಬೇಕಾದ ಹೊತ್ತಿಗೆ ಕೈಕೊಟ್ಟರೆ ಕಷ್ಟ.

ಸ್ಟೆಪ್ನಿಗೆ ಪಂಪ್ ಜೊತೆ ಕೊಡುವುದು ಹೊಸ ಯೋಚನೆಯೇನಲ್ಲ. ಪೋರ್ಷೆ 944ನಂಥ ಕಾರುಗಳಲ್ಲಿ ಮಡಚಿಕೊಂಡಿರುವ ಸ್ಟೆಪ್ನಿ ಬರುತ್ತಿತ್ತು. ಗಾಳಿ ತುಂಬಿದಾಗಲೇ ಅದು ಅರಳುವುದು. ಅದಕ್ಕೆಂದೇ 12 ವೋಲ್ಟಿನ ಪಂಪನ್ನೂ ಕಾರಿನ ಜೊತೆ ಕೊಡುತ್ತಿದ್ದರು. ಜಾಗ ಉಳಿಸಲು ಅಷ್ಟು ಯೋಚನೆ ಮಾಡಿದ್ದು ನೋಡಿದರೆ ಖುಷಿಯಾಗುತ್ತದೆ.

ಕೊನೆಗೆ ಸ್ಟೆಪ್ನಿಯ ಗಾಳಿ ಪೂರ್ತಿ ಬಿಟ್ಟು, ಹೊಸ ಸಾಕೆಟ್ಟಿನಿಂದಲೇ ತುಂಬಿ ನೋಡಿದೆ. ಇಷ್ಟು ದೊಡ್ಡ ಟಯರ್ ಒಳಗೆ ಲೆಕ್ಕಕ್ಕೆ 25ರಿಂದ 30 ಲೀಟರ್ ಜಾಗ ಇರುತ್ತದೆ. 30 ಪಿಎಸ್‌ಐ ಅಂದರೆ ಅದರ ಎರಡರಷ್ಟು ಗಾಳಿಯನ್ನು ಹೊರಗಿನಿಂದ ಒಳಗೆ ತಳ್ಳಬೇಕು. ಒತ್ತಡ ಏರಿದ ಹಾಗೆ ಪಂಪ್ ನಿಧಾನವಾಗುತ್ತದೆ, ಸಿಲಿಂಡರ್ ಸುಡುತ್ತದೆ. ನಡುವೆ ನಿಲ್ಲಿಸಿ ಆರಲು ಬಿಟ್ಟೆ. ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ಐಡಲ್‌ನಲ್ಲಿ ಹೆಚ್ಚೇನೂ ಕೊಡುವುದಿಲ್ಲ, ಹಾಗಾಗಿ ಎಂಜಿನ್ ಹಾಕದೆ ಬರೀ ಬ್ಯಾಟರಿಯಲ್ಲೇ ಓಡಿಸಿದೆ. ಆಮೇಲೆ ಕಾರು ಆರಾಮಾಗಿ ಸ್ಟಾರ್ಟ್ ಆಯಿತು. ಪಂಪಿನ ಮೀಟರ್ ನನ್ನ ಕೈ ಗೇಜಿಗಿಂತ ಸ್ವಲ್ಪ ಜಾಸ್ತಿ ತೋರಿಸುತ್ತದೆ. ನಾನು ನಂಬುವುದು ಗೇಜನ್ನೇ.

ತಾಮ್ರದ ಸುತ್ತಿಗೆಯನ್ನು ಸ್ಟೆಪ್ನಿಯ ಪಕ್ಕದಲ್ಲೇ ಕಟ್ಟಿದ್ದೇನೆ. ಚಕ್ರದ ನಡುವಿನ ನಟ್ಟನ್ನು ಬಡಿದು ಬಿಚ್ಚಲು ಅದು ಬೇಕು. ಕಾರಿನ ಬಲಗಡೆ ನಟ್ಟಿನ ತಿರುವು ಉಲ್ಟಾ, ಅಂದರೆ ಎಡಗೈ ತಿರುವು. ಯಾವ ಕಡೆಯಾದರೂ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ಬಡಿದರೆ ಸಡಿಲವಾಗುತ್ತದೆ.

ಉಳಿದಿರುವುದು ಜಾಕ್. ಮೂಲ ಜಾಕ್ ಬಾಗಿಲ ಕೆಳಗಿನ ಕಿಂಡಿಗೆ ಕೊಟ್ಟು ಒಂದಿಡೀ ಪಕ್ಕವನ್ನೇ ಎತ್ತುವಂಥದ್ದು. ಅಲ್ಲಿನ ತಗಡು ತುಕ್ಕು ಹಿಡಿದಿದ್ದರೆ ಅಪಾಯ. ಮುಂದಿನ ವಾರ ಆ ಜಾಗವನ್ನು ಕೆರೆದು ನೋಡುತ್ತೇನೆ. ಗಟ್ಟಿ ಇಲ್ಲದಿದ್ದರೆ ತಗ್ಗಿನ ಕತ್ತರಿ ಜಾಕ್ ಒಂದಕ್ಕೆ ಡಿಕ್ಕಿಯಲ್ಲಿ ಜಾಗ ಹುಡುಕಬೇಕು.