ಟೊಮ್ಯಾಟೊ ದರ, ಒಂಬತ್ತನೇ ಕ್ಲಾಸು

ನಿನ್ನೆ ಕೋಲಾರದ ಹತ್ತಿರ ಒಂದು ಹೈಸ್ಕೂಲಿಗೆ ಡೇಟಾ ಸೈನ್ಸ್ ಹೇಳಿಕೊಡಲು ಹೋಗಿದ್ದೆ. ಕಂಪ್ಯೂಟರ್ ಆನ್ ಮಾಡಲೇ ಇಲ್ಲ. ಬೋರ್ಡ್ ಮೇಲೆ ಎಪಿಎಂಸಿಯ ಟೊಮ್ಯಾಟೊ ದರ ಬರೆದೆವು, 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ. ಈ ಮಕ್ಕಳಿಗೆ ಅದು ಬಾಯಿಪಾಠ. 2023ರ ಜುಲೈನಲ್ಲಿ ಬಾಕ್ಸು 2,000 ರೂಪಾಯಿ ದಾಟಿದ್ದನ್ನು ಯಾರೂ ಮರೆತಿಲ್ಲ. ಆ ಒಂದು ಅಂಕಿ ಸೇರಿಸಿದ ತಕ್ಷಣ ಸರಾಸರಿ ಮೇಲಕ್ಕೆ ಜಿಗಿಯಿತು. ಮಧ್ಯಾಂಕ, ಅಂದ್ರೆ ದರಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ ನಟ್ಟನಡುವೆ ಬರೋ ಅಂಕಿ, ಹೆಚ್ಚುಕಡಿಮೆ ಅಲ್ಲೇ ಕೂತಿತ್ತು. ಪಾಠದಲ್ಲಿ ಸುಮ್ನೆ ಓದಿದ್ದ ಎರಡು ಪದಗಳಿಗೆ ಜೀವ ಬಂತು.

ಎಐ ಕೂಡ ಹೀಗೇ ಹಳೇ ಲೆಕ್ಕ ನೋಡಿ ಮುಂದಿನದನ್ನು ಅಂದಾಜು ಮಾಡುತ್ತೆ ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ಮಳೆ ಬಂದಿದ್ದು ಇದರಲ್ಲಿ ಎಲ್ಲೂ ಇಲ್ವಲ್ಲ? ನಮ್ಮಪ್ಪ ಮೊದಲು ಮೋಡ ನೋಡ್ತಾರೆ, ಆಮೇಲೆ ಮಂಡಿಗೆ ಫೋನ್ ಮಾಡ್ತಾರೆ."

ಎಂಥ ಪ್ರಶ್ನೆ ಅಲ್ವಾ! ನಾವು ಕೊಡದೇ ಇರೋ ಮಾಹಿತಿ ಯಂತ್ರಕ್ಕೆ ಗೊತ್ತಿರಲ್ಲ. ಇದನ್ನು ವಿವರಿಸಲು ನಾನು ಅರ್ಧ ಗಂಟೆ ಎತ್ತಿಟ್ಟಿದ್ದೆ. ಅವಳೇ ಹಸಿರು ಸೀಮೆಸುಣ್ಣ ತಗೊಂಡು ದರದ ಪಕ್ಕದಲ್ಲಿ 'ಮಳೆ' ಅಂತ ಕಾಲಂ ಎಳೆದಳು. ಇನ್ನೊಬ್ಬ ಬಂದು 'ನಾಸಿಕ್ ಮಾಲು' ಅಂತ ಮತ್ತೊಂದು ಸೇರಿಸಿದ.