ಬಾಗಿಲಿನ ಈಚೆಗೆ ನಿಂತು ಕೇಳಿದ ಪದ

ನಮ್ಮ ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ದೀಪಾವಳಿಯ ರಾತ್ರಿ ಕಿವಿ ಪೂರ್ತಿ ಮಲಗುವುದಿಲ್ಲ. ಅಂಟಿಗೆ-ಪಂಟಿಗೆಯವರು ಯಾವ ಹೊತ್ತಿಗೆ ಬರುತ್ತಾರೋ ಹೇಳಲಾಗದು. ದೇವಸ್ಥಾನದಲ್ಲಿ ಹಚ್ಚಿಕೊಂಡ ದೀಪವನ್ನು ಆರಗೊಡದೆ, ಗದ್ದೆಯ ಬದು, ತೋಟದ ಸಂಕ ದಾಟುತ್ತ ಮನೆಯಿಂದ ಮನೆಗೆ ಹಾಡಿಕೊಂಡು ಹೋಗುವ ಗಂಡಸರ ತಂಡ ಅದು. ಗುಡ್ಡಕ್ಕೊಂದು ಮನೆ ಇರುವ ಊರಿನಲ್ಲಿ ಬೆಳಗಾಗುವವರೆಗೂ ನಡೆದರೂ ಮನೆಗಳು ಮುಗಿಯುವುದಿಲ್ಲ.

ಕಳೆದ ಹಬ್ಬಕ್ಕೆ ಶಿವಮೊಗ್ಗದಿಂದ ಹೋಗಿದ್ದೆ. ಕರೆಂಟು ಸಂಜೆಯೇ ಹೋಗಿತ್ತು. ರಾತ್ರಿ ಎರಡರ ಸುಮಾರಿಗೆ ನಾಯಿ ಬೊಗಳಿತು, ಹಿಂದೆಯೇ ಬೇಲಿಯ ದಾರಿಗೆ ಅಡ್ಡ ಹಾಕಿದ ಉಣುಗೋಲು ಸರಿಸಿದ ಸದ್ದು. ಎದ್ದು ಬಾಗಿಲು ತೆಗೆಯಲು ಹೋದವನನ್ನು ದೊಡ್ಡಮ್ಮ ತಡೆದರು. “ನಿಲ್ಲೋ. ಬಾಗಿಲು ತೆಗೆಸುವ ಪದ ಹೇಳಲಿ ಅವರು.” ಸರಿಯೇ, ಕೇಳುವ ಮೊದಲೇ ತೆಗೆದುಬಿಟ್ಟರೆ ಆ ಪದಕ್ಕೆ ಏನು ಕೆಲಸ?

ಕತ್ತಲಲ್ಲಿ ನಿಂತೆ. ಹೊರಗೆ ಇಬ್ಬರು ಒಂದು ಸಾಲು ಎತ್ತಿಕೊಟ್ಟರು. ಅದರ ಬಾಲ ಮುಗಿಯುವ ಮೊದಲೇ ಇನ್ನಿಬ್ಬರು ಅದನ್ನೇ ಹಿಡಿದು ಮರಳಿ ಹಾಡಿದರು. ಮದ್ದಳೆಯಿಲ್ಲ, ತಾಳವಿಲ್ಲ. ಎಲ್ಲಿಯೂ ಉಸಿರಿನ ಬಿಡುವು ಸಿಗದಂತೆ ಒಬ್ಬರ ದನಿಯ ಮೇಲೆ ಇನ್ನೊಬ್ಬರದು ಬಂದು ಕೂರುತ್ತಿತ್ತು. ಅದರಲ್ಲೊಂದು ದನಿ ಒಡೆದಿತ್ತು. ನಮ್ಮ ತೋಟದಲ್ಲಿ ಅಡಿಕೆ ಕೊನೆ ತೆಗೆಯುವವರದು ಎಂದು ಗುರುತು ಹತ್ತಿತು. ಹಗಲು ಮರದ ತುದಿಯಿಂದ, ಕೆಳಗೆ ಹಗ್ಗ ಹಿಡಿದವನನ್ನು ಬೈಯುವ ದನಿಯೂ ಅದೇ.

ಮೂರನೆಯದೋ ನಾಲ್ಕನೆಯದೋ ಸಾಲಿನಲ್ಲಿ ನನ್ನ ಬೆನ್ನ ಹಿಂದಿನಿಂದ ಇನ್ನೊಂದು ದನಿ ಎದ್ದಿತು. ದೊಡ್ಡಪ್ಪ. ಎಂಬತ್ತು ದಾಟಿದವರು, ಮಂಡಿನೋವಿನಿಂದ ಅಂಗಳಕ್ಕೂ ಇಳಿಯದವರು. ವಯಸ್ಸಿನಲ್ಲಿ ಅವರೂ ಈ ತಂಡದ ಜೊತೆ ರಾತ್ರಿಯಿಡೀ ನಡೆದವರೆಂದು ಕೇಳಿದ್ದೆನೇ ಹೊರತು ಅವರು ಹಾಡಿದ್ದನ್ನು ಕೇಳಿರಲಿಲ್ಲ. ಹಾಸಿಗೆಯ ಮೇಲೆ ಕುಳಿತೇ ಎರಡನೆಯ ಜೋಡಿಯ ಸಾಲನ್ನು ಹಿಡಿದಿದ್ದರು. ಬಾಗಿಲಿನ ಆಚೆಗೂ ಈಚೆಗೂ ಒಂದೇ ಸಾಲು, ನಡುವೆ ನಾನು. ಕತ್ತಿನ ಹಿಂದಿನಿಂದ ಮುಂಗೈವರೆಗೆ ಮೈ ಜುಮ್ಮೆಂದಿತು. ಬಾಗಿಲು ತೆಗೆದು, ದೊಡ್ಡಮ್ಮ ಅವರ ದೀಪಕ್ಕೆ ಎಣ್ಣೆ ಎರೆಯುವಾಗ ಆ ಬೆಳಕಿನಲ್ಲಿ ಕೈ ತೋರಿಸಿದೆ. “ಚಳಿಗೆ ಕಣೋ, ಕಂಬಳಿ ಹೊದ್ದುಕೋ” ಎಂದರು. ಕಂಬಳಿ ಹೊದ್ದೇ ನಿಂತಿದ್ದೆ.

ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಮೈಮೇಲಿನ ಬಹುತೇಕ ಪ್ರತಿ ಕೂದಲಿನ ಬುಡದಲ್ಲಿ ಒಂದು ಪುಟ್ಟ ಸ್ನಾಯು ಇದೆ. ಅದು ಬಿಗಿದರೆ ಕೂದಲು ನಿಲ್ಲುತ್ತದೆ. ತುಪ್ಪಳವಿರುವ ಪ್ರಾಣಿಗೆ ಇದರಿಂದ ಚಳಿಯಲ್ಲಿ ಮೈ ಬೆಚ್ಚಗಾಗುತ್ತದೆ. ನಾಯಿಯ ಎದುರು ನಿಂತ ಬೆಕ್ಕು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಮಗೆ ತುಪ್ಪಳ ಹೋಗಿದೆ, ಸ್ನಾಯು ಉಳಿದಿದೆ. ಚಳಿ, ಭಯ, ಬೆರಗು ಮೂರಕ್ಕೂ ಅದೊಂದೇ ಉತ್ತರ. ಅದು ನಾವು ಹೇಳಿದ ಮಾತು ಕೇಳುವ ಸ್ನಾಯುವೂ ಅಲ್ಲ. ಭರತನ ನಾಟ್ಯಶಾಸ್ತ್ರ ರೋಮಾಂಚವನ್ನು ಕಣ್ಣೀರು, ಬೆವರು, ನಡುಕಗಳ ಜೊತೆಗೆ ಎಂಟು ಸಾತ್ವಿಕ ಭಾವಗಳ ಸಾಲಿನಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ. ಕೈಕಾಲಿನ ಅಭಿನಯದಂತೆ ಅದನ್ನು ಬೇಕೆಂದಾಗ ತರಿಸಿಕೊಳ್ಳಲಾಗದು.

ಹಾಡಿಗೇಕೆ ಹೀಗಾಗಬೇಕು? ಜಾಕ್ ಪಾಂಕ್ಸೆಪ್ ಎಂಬ ನರವಿಜ್ಞಾನಿ 1995ರಲ್ಲಿ ಒಂದು ಊಹೆ ಮುಂದಿಟ್ಟಿದ್ದರು: ಅಗಲಿದ ಮರಿ ಮತ್ತು ತಾಯಿ ಒಂದನ್ನೊಂದು ಕೂಗುವ ದನಿ ಚಳಿಯಂತೆ ಮೈಗೆ ತಾಗುತ್ತದೆ, ಕೆಲವು ಸಂಗೀತ ಆ ಹಳೆಯ ತಂತಿಯನ್ನೇ ಮೀಟುತ್ತದೆ ಎಂದು. ಮುಚ್ಚಿದ ಬಾಗಿಲಿನ ಹಿಂದೆ ನಿಂತು ಕೇಳಿದ ನನಗೆ ಇದು ಇಷ್ಟವಾಯಿತು. ಆದರೆ ಹೆಚ್ಚು ಕಾಡಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಮೈ ನವಿರೇಳಿಸುವ ಸಂಗೀತ ಕೇಳುವಾಗ ಮೆದುಳಿನಲ್ಲಿ ಡೋಪಮೈನ್ ಎಂಬ, ಸುಖದ ನಿರೀಕ್ಷೆಗೆ ನಂಟಿರುವ ರಾಸಾಯನಿಕ ಹರಿಯುತ್ತದಂತೆ. ಆ ಗಳಿಗೆ ಬಂದಾಗ ಒಂದು ಭಾಗದಲ್ಲಿ. ಅದಕ್ಕೂ ಮೊದಲು, ಬರಲಿದೆ ಎಂದು ಕಾಯುವಾಗಲೇ ಇನ್ನೊಂದು ಭಾಗದಲ್ಲಿ.

ಇದನ್ನು ಓದಿದ್ದು ಶಿವಮೊಗ್ಗಕ್ಕೆ ಮರಳಿದ ಮೇಲೆ. ಆ ರಾತ್ರಿ ಅಣ್ಣನ ಮಗಳು ಮೊಬೈಲಿನಲ್ಲಿ ಧ್ವನಿ ಹಿಡಿದುಕೊಂಡಿದ್ದಳು, ಕಳುಹಿಸಿದ್ದಳು. ಮಧ್ಯಾಹ್ನ ಮೂರು ಗಂಟೆ, ರಸ್ತೆಯಲ್ಲಿ ಬಸ್ಸಿನ ಹಾರ್ನ್, ಕಚೇರಿಯ ಮೇಜಿನ ಮೇಲೆ ಆರಿದ ಚಹಾ. ಇಲ್ಲಿ ಏನೂ ಆಗಲಾರದು ಎಂದುಕೊಂಡೇ ಹಾಕಿದೆ. ನಾಯಿ ಬೊಗಳಿತು, ಇಬ್ಬರು ಸಾಲು ಎತ್ತಿದರು, ಒಡೆದ ದನಿ ಕೇಳಿತು. ದೊಡ್ಡಪ್ಪ ಬರಲು ಇನ್ನೂ ಒಂದು ಸಾಲು ಬಾಕಿಯಿತ್ತು. ಅಂಗಿಯ ತೋಳು ಸರಿಸಿ ನೋಡಿದೆ, ಕೂದಲು ಆಗಲೇ ಎದ್ದು ನಿಂತಿತ್ತು.